ಒದ್ದೆ ಕಾಡಿನಲ್ಲಿ ಒಣ ಸೌದೆ

ಶುಕ್ರವಾರ

ಹಿಮ ಬೀಳುವ ಸೀಮೆಯಲ್ಲಿ ವಸಂತದ ಮೊದಲ ವಾರಗಳಲ್ಲಿ ಕಾಡಿಗೆ ಹೋಗುವವರು ಎರಡು ಋತುಗಳ ಸಾಮಾನು ಹೊರಬೇಕಾಗುತ್ತದೆ. ಬೆಳಿಗ್ಗೆ ಹೊರಡುವಾಗ ಚಳಿಗಾಲ, ನಡುಹಗಲಿನ ಏರಿನಲ್ಲಿ ಬೆವರು, ನಾಲ್ಕು ಗಂಟೆ ದಾಟಿತೆಂದರೆ ಮತ್ತೆ ಚಳಿಗಾಲ. ಹಾಗಾಗಿ ಒಂದೇ ಹಗಲಿನ ಚಾರಣವಾದರೂ ಸಂಜೆ ಕೋಣೆಯ ನೆಲದ ತುಂಬ ಸಾಮಾನು ಹರಡಿತ್ತು. ಜೊತೆಗೆ ಬರಲಿದ್ದ ಅಣ್ಣನ ಮಗಳು ಅದನ್ನೆಲ್ಲ ದಾಟಿಕೊಂಡು ಬಂದು ಸೋಫಾದ ಮೇಲೆ ಕುಳಿತಳು.

"ಚಿಕ್ಕಪ್ಪ, ನಾಳೆ ಸಂಜೆಗೆ ವಾಪಸು ಬರುತ್ತೇವೆ ತಾನೆ?"

"ಕತ್ತಲಾಗುವುದಕ್ಕೆ ಮುಂಚೆಯೇ ಬರುತ್ತೇವೆ."

"ಹಾಗಾದರೆ ಗರಗಸ ಯಾಕೆ?"

ಬೆಂಕಿಗೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಅವಳ ಕಣ್ಣು ಇದ್ದದ್ದು ಪಕ್ಕದಲ್ಲಿದ್ದ ಪುಟ್ಟ ಕೊಡಲಿಯ ಮೇಲೆ. ಬುಷ್‌ಕ್ರಾಫ್ಟ್ ಎಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಕೊಡಲಿ, ಮೊಳದುದ್ದದ ಚೂರಿ ಮತ್ತು ಗಡ್ಡ ಬಿಟ್ಟ ಗಂಡಸು. ಮೊಬೈಲಿನಲ್ಲಿ ನೋಡುವ ವಿಡಿಯೊಗಳು ಮಾಡಿಟ್ಟ ಚಿತ್ರ ಅದು. ನಿಜವಾಗಿ ನೋಡಿದರೆ ಕಡಿಮೆ ಸಲಕರಣೆ ಹೊತ್ತುಕೊಂಡು, ಬೇಕಾದ ಉಳಿದದ್ದನ್ನು ಕಾಡಿನಲ್ಲೇ ಹೊಂದಿಸಿಕೊಳ್ಳುವ ಕೈಕೆಲಸಕ್ಕೆ ಆ ಹೆಸರು. ಹೊಂದಿಸಿಕೊಳ್ಳುವುದು ಎಂದರೆ ಕಂಡದ್ದನ್ನೆಲ್ಲ ಕಡಿಯುವುದಲ್ಲ ಎಂಬುದನ್ನು ಸೇರಿಸಿ ಹೇಳಬೇಕಾದ ಕಾಲ ಬಂದಿದೆ.

ಕೊಡಲಿಯನ್ನು ನಾನು ಮನೆಯಲ್ಲೇ ಬಿಟ್ಟೆ. ಒಂದು ಹಗಲಿನ ಬೆಂಕಿಗೆ ಮಣಿಕಟ್ಟಿನ ದಪ್ಪಕ್ಕಿಂತ ದೊಡ್ಡ ಸೌದೆ ಬೇಡ, ಆ ದಪ್ಪವನ್ನು ಮಡಚುವ ಗರಗಸ ಸಲೀಸಾಗಿ ಕೊಯ್ಯುತ್ತದೆ. ತೂಕ ಕಡಿಮೆ, ಸದ್ದು ಕಡಿಮೆ, ಕೈತಪ್ಪಿದರೆ ಆಗುವ ಗಾಯವೂ ಕಡಿಮೆ. ಗಿಡ್ಡ ಹಿಡಿಯ ಕೊಡಲಿ ಜಾರಿದರೆ ಅದರ ದಾರಿ ಮೊಣಕಾಲಿನ ಕಡೆಗೇ ಇರುತ್ತದೆ. ಆಸ್ಪತ್ರೆ ಹತ್ತಾರು ಕಿಲೋಮೀಟರ್ ದೂರವಿರುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ.

ಚೂರಿ ಮಾತ್ರ ಬೇಕೇ ಬೇಕು. ನನ್ನದು ಹತ್ತು ಸೆಂಟಿಮೀಟರ್ ಅಲಗಿನ, ಮಡಚಲು ಬಾರದ ಚೂರಿ. ಅಲಗಿನ ಉಕ್ಕು ಹಿಡಿಯೊಳಗೆ ಕೊನೆಯವರೆಗೂ ಹೋಗಿರುವುದರಿಂದ ಮೇಲೆ ಕಟ್ಟಿಗೆಯಿಂದ ಬಡಿದರೂ ಮುರಿಯುವುದಿಲ್ಲ. ಇಂಗಾಲದ ಉಕ್ಕು, ತುಕ್ಕು ಬೇಗ ಹಿಡಿಯುತ್ತದೆ, ಆದರೆ ಸಾಣೆಗೆ ಬೇಗ ಒಲಿಯುತ್ತದೆ. ಅದರ ಬೆನ್ನಿನ ಅಂಚು ಗುಂಡಗಿಲ್ಲದೆ ನೇರ ಮೂಲೆಯಾಗಿರುವುದು ನನಗೆ ಎಲ್ಲಕ್ಕಿಂತ ಮುಖ್ಯ. ಯಾಕೆ ಎಂಬುದು ನಾಳೆ ಬೆಂಕಿಯ ಹತ್ತಿರ ಬರುತ್ತದೆ.

ಉಳಿದದ್ದು: ಟಾರ್ಪಾಲಿನ್, ಹಗ್ಗ, ಮಸಿ ಹಿಡಿದ ಉಕ್ಕಿನ ಪಾತ್ರೆ, ಇಬ್ಬರಿಗೂ ಒಂದೊಂದು ಲೋಟ, ಉಣ್ಣೆಯ ಅಂಗಿ, ಒಣ ಕಾಲುಚೀಲ, ತಲೆಗೆ ಕಟ್ಟುವ ದೀಪ, ಪ್ರಥಮ ಚಿಕಿತ್ಸೆಯ ಡಬ್ಬಿ, ನಕ್ಷೆ. ನೀರು ಬೆಂಕಿ ಆರಿಸುವುದಕ್ಕೂ ಬೇಕು ಎಂದು ಮಡಚುವ ನೀರಿನ ಚೀಲ. ಹತ್ತಿಬಟ್ಟೆಯ ಜೀನ್ಸ್ ಹಾಕಿಕೊಂಡು ಬರುವುದಾಗಿ ಹೇಳಿದವಳಿಗೆ ಬೇಡ ಎಂದೆ. ಹತ್ತಿ ಒದ್ದೆಯಾದರೆ ಕಾಡಿನಲ್ಲಿ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಲಘೂಷ್ಣತೆ. ಅದಕ್ಕೆ ಕೊರೆಯುವ ಹಿಮವೇ ಬೇಕೆಂದಿಲ್ಲ, ಎಂಟು ಡಿಗ್ರಿಯ ಮಳೆ ಮತ್ತು ಗಾಳಿ ಸೇರಿದರೆ ಸಾಕು.

ಮಲಗುವ ಮುಂಚೆ ಹವಾಮಾನ ಮುನ್ಸೂಚನೆಯನ್ನೂ ಕಾಡ್ಗಿಚ್ಚಿನ ಎಚ್ಚರಿಕೆಯನ್ನೂ ನೋಡಿದೆ. ಹಿಮವೇ ಇನ್ನೂ ಪೂರ್ತಿ ಕರಗಿಲ್ಲ, ಕಾಡ್ಗಿಚ್ಚು ಎಲ್ಲಿಂದ ಬರಬೇಕು ಎಂದು ನಗುವವರಿದ್ದಾರೆ. ಆದರೆ ಹೊಸ ಹಸಿರು ಏಳುವ ಮುಂಚಿನ ಈ ಕೆಲವು ವಾರಗಳೇ ಹಲವು ಶೀತ ಪ್ರದೇಶಗಳಲ್ಲಿ ಅಪಾಯದ ಕಾಲ. ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಮೊದಲು ಕರಗಿ, ಹೋದ ವರ್ಷದ ಸತ್ತ ಹುಲ್ಲು ಬಯಲಾಗುತ್ತದೆ. ಎರಡು ದಿನದ ಗಾಳಿ ಬಿಸಿಲಿಗೆ ಅದು ಗರಿಗರಿಯಾಗಿರುತ್ತದೆ. ಅದರ ಪಕ್ಕದಲ್ಲೇ ಮೊಣಕಾಲುದ್ದ ಹಿಮವೂ ಇರಬಹುದು. ಎಚ್ಚರಿಕೆ ಇದ್ದ ದಿನ ಬೆಂಕಿ ಇಲ್ಲ, ಫ್ಲಾಸ್ಕಿನ ಚಹಾ ಅಷ್ಟೇ. ಈ ಸಲ ಎಚ್ಚರಿಕೆ ಇರಲಿಲ್ಲ. ನಾವು ಹೋಗುವ ಜಾಗದಲ್ಲಿ ಬೆಂಕಿ ಹಾಕಲು ಅನುಮತಿಯಿತ್ತು, ಅದಕ್ಕೆಂದೇ ಕಲ್ಲು ಜೋಡಿಸಿದ ಹಳೆಯ ಒಲೆಯೂ ಇತ್ತು.

ಶನಿವಾರ

ಏಳು ಗಂಟೆಗೆ ಕಾಲುದಾರಿ ಹಿಡಿದೆವು. ರಾತ್ರಿ ಸೊನ್ನೆಗಿಂತ ಕೆಳಗಿಳಿದದ್ದರಿಂದ ಹಿಮದ ಮೇಲ್ಪದರ ಗಟ್ಟಿಯಾಗಿ ಮೈಭಾರವನ್ನು ತಾಳುತ್ತಿತ್ತು. ಬೂಟಿನ ಕೆಳಗೆ ಕರಕರ ಸದ್ದು. ಇದೇ ಹಿಮ ಮಧ್ಯಾಹ್ನಕ್ಕೆ ಮೆತ್ತಗಾಗಿ, ಒಂದೊಂದು ಹೆಜ್ಜೆಗೂ ಕಾಲನ್ನು ಮೊಣಕಾಲಿನವರೆಗೆ ನುಂಗುತ್ತದೆ. ಹಾಗಾಗಿ ನೆರಳಿನ ಮಗ್ಗುಲಿನ ದಾರಿಯನ್ನು ಬೆಳಿಗ್ಗೆ ಮುಗಿಸಿಕೊಳ್ಳುವುದು, ಬರುವಾಗ ಬಿಸಿಲಿನ ಮಗ್ಗುಲಿನಿಂದ ಇಳಿಯುವುದು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆವು.

ಸ್ವಲ್ಪ ದೂರದಲ್ಲಿ ತೊರೆ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಬೂಟು ನೆನೆಯದೆ ದಾಟಬಹುದಾದಷ್ಟೇ ನೀರು. ದಾಟುವ ಮುಂಚೆ ಸೊಂಟದ ಪಟ್ಟಿ ಬಿಚ್ಚಿಕೊಳ್ಳಲು ಹೇಳಿದೆ. ಜಾರಿ ಬಿದ್ದರೆ ಚೀಲವನ್ನು ತಕ್ಷಣ ಕಳಚಲು ಆಗಬೇಕು.

"ಇಷ್ಟು ನೀರಿಗೆ ಇಷ್ಟೆಲ್ಲ ಯಾಕೆ?" ಎಂದಳು.

"ಸಂಜೆ ಇದೇ ತೊರೆಯನ್ನು ನೋಡು."

ಹಿಮ ಕರಗಿ ಬರುವ ತೊರೆಗಳಿಗೆ ದಿನದ ಏರಿಳಿತ ಇರುತ್ತದೆ. ರಾತ್ರಿಯ ಚಳಿಗೆ ಮೇಲೆ ಎಲ್ಲವೂ ಹೆಪ್ಪುಗಟ್ಟಿದ್ದರಿಂದ ಬೆಳಗಿನ ಜಾವ ನೀರು ಕಡಿಮೆ, ಹಗಲಿಡೀ ಕರಗಿದ್ದು ಇಳಿದು ಬರುವ ಮಧ್ಯಾಹ್ನದ ಮೇಲೆ ಜಾಸ್ತಿ. ಮೋಡವೇ ಇಲ್ಲದ ಚೆಂದದ ದಿನವೇ ತೊರೆ ಉಕ್ಕುವ ದಿನ.

ತೊರೆಯ ದಂಡೆಯಲ್ಲಿ ವಿಲ್ಲೋ ಗಿಡಗಳು ಬೂದುಬಣ್ಣದ ಮೃದುವಾದ ಮೊಗ್ಗು ಬಿಟ್ಟಿದ್ದವು. ಹೇಝಲ್ ಗಿಡಗಳ ಹಳದಿ ಹೂಗೊಂಚಲನ್ನು ಬೆರಳಿನಿಂದ ತಟ್ಟಿದರೆ ಪರಾಗದ ಪುಡಿ ಗಾಳಿಗೆ ಹಾರುತ್ತಿತ್ತು. ಎಲೆ ಬರುವುದಕ್ಕೆ ಮುಂಚೆಯೇ ಹೂ ಬಿಡುವ ಗಿಡಗಳಿವು. ಎಲೆಗಳು ಅಡ್ಡವಿಲ್ಲದಿದ್ದರೆ ಗಾಳಿ ಪರಾಗವನ್ನು ಸುಲಭವಾಗಿ ಒಯ್ಯುತ್ತದೆ. ನೆಲದ ಸಣ್ಣ ಗಿಡಗಳ ಅವಸರವೂ ಇಂಥದೇ. ತಲೆಯ ಮೇಲಿನ ಮರಗಳು ಎಲೆ ಬಿಟ್ಟು ನೆರಳು ಮಾಡುವ ಮುಂಚೆ ಬಿಸಿಲು ಹೀರಿ, ಹೂ ಬಿಟ್ಟು, ಬೀಜ ಕಟ್ಟಿ ಮುಗಿಸಬೇಕು. ಬಿಳಿಯ ಅನಿಮೊನ್ ಹೂಗಳು ತರಗೆಲೆಗಳನ್ನು ತಳ್ಳಿಕೊಂಡು ಎದ್ದಿದ್ದವು. ಎಲ್ಲೋ ಮೇಲೆ ಮರಕುಟುಕವೊಂದು ಒಣಗಿದ ಕೊಂಬೆಯನ್ನು ಬಡಿಯುತ್ತಿತ್ತು. ಹುಳುವಿಗಾಗಿ ಕುಕ್ಕುವ ಸದ್ದು ಅದಲ್ಲ. ಈ ಜಾಗ ನನ್ನದು ಎಂದು ಸಾರುವ, ಜೋಡಿಯನ್ನು ಕರೆಯುವ ಸದ್ದು. ಚೆನ್ನಾಗಿ ಮೊಳಗುವ ಒಣಕೊಂಬೆಯನ್ನೇ ಅದು ಆರಿಸಿಕೊಳ್ಳುತ್ತದೆ.

ಒಣಕೊಂಬೆಯ ಮೇಲೆ ನಮ್ಮ ಕಣ್ಣೂ ಇತ್ತು. ಬೆಂಕಿಯ ಕೆಲಸ ಒಲೆಯ ಹತ್ತಿರ ಹೋದ ಮೇಲೆ ಶುರುವಾಗುವುದಿಲ್ಲ, ನಡೆಯುವ ದಾರಿಯುದ್ದಕ್ಕೂ ನಡೆಯುತ್ತದೆ. ಬಿದ್ದು ಕೊಳೆಯುತ್ತಿದ್ದ ಬರ್ಚ್ ಮರವೊಂದು ಸಿಕ್ಕಿತು. ಒಳಗಿನ ಮರ ಮೆತ್ತಗಾಗಿ ಕೈಯಲ್ಲಿ ಪುಡಿಯಾಗುತ್ತಿದ್ದರೂ ಹೊರಗಿನ ಬಿಳಿ ತೊಗಟೆ ಹಾಗೆಯೇ ಗಟ್ಟಿಯಾಗಿತ್ತು. ಬರ್ಚ್ ತೊಗಟೆಯಲ್ಲಿ ಬೆಟುಲಿನ್ ಎಂಬ ವಸ್ತು ತುಂಬಿರುತ್ತದೆ. ತೊಗಟೆಗೆ ಬಿಳಿ ಬಣ್ಣ ಕೊಡುವುದು ಅದೇ, ನೀರನ್ನು ಒಳಗೆ ಬಿಡದೆ ಇರುವುದೂ ಅದೇ, ಒದ್ದೆಯಿದ್ದರೂ ಕಪ್ಪು ಹೊಗೆ ಕಾರುತ್ತ ಹೊತ್ತಿಕೊಳ್ಳುವಂತೆ ಮಾಡುವುದೂ ಅದೇ. ಒಂದು ಹಿಡಿ ಸುಲಿದು ಜೇಬಿಗೆ ಹಾಕಿಕೊಂಡಳು. ಬದುಕಿರುವ ಬರ್ಚ್‌ನ ತೊಗಟೆಗೆ ಚೂರಿ ಹಾಕಬಾರದು. ಸುಲಿದ ಜಾಗ ಮತ್ತೆ ಬೆಳ್ಳಗಾಗುವುದಿಲ್ಲ, ಮರ ಬದುಕಿರುವಷ್ಟು ಕಾಲ ಆ ಕಪ್ಪು ಪಟ್ಟಿ ಉಳಿಯುತ್ತದೆ.

ಅದೇ ಮರದ ಬುಡದಲ್ಲಿ ಕುದುರೆ ಗೊರಸಿನ ಆಕಾರದ ಬೂದು ಅಣಬೆ ಅಂಟಿಕೊಂಡಿತ್ತು. ಕಲ್ಲಿನಷ್ಟು ಗಟ್ಟಿ. ಇದರ ಒಳಗಿನ ಕಂದು ಪದರವನ್ನು ಕೆರೆದರೆ ಕಿಡಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಕೆಂಡವಾಗುವ ಅರಳೆ ಸಿಗುತ್ತದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮನದಿಯೊಂದರಲ್ಲಿ ಚಾರಣಿಗರಿಗೆ ಸಿಕ್ಕ ಓಟ್ಜಿ ಎಂಬ ಹಿಮಮಾನವನ ಕಥೆ ಹೇಳಿದೆ. ಸುಮಾರು 5,300 ವರ್ಷಗಳ ಹಿಂದೆ ಸತ್ತವನು. ಅವನ ಸೊಂಟದ ಚೀಲದಲ್ಲಿ ಇದೇ ಅಣಬೆಯ ಅರಳೆ ಇತ್ತು, ಅದರಲ್ಲಿ ಕಿಡಿ ಹೊಡೆಯುವ ಪೈರೈಟ್ ಖನಿಜದ ಕಣಗಳಿದ್ದವು. ಬರ್ಚ್ ತೊಗಟೆಯ ಡಬ್ಬಿಯೊಂದರಲ್ಲಿ ಮೇಪಲ್ ಎಲೆಗಳ ಜೊತೆ ಇದ್ದಿಲಿನ ಚೂರುಗಳಿದ್ದವು. ಕೆಂಡವನ್ನು ಹಸಿ ಎಲೆಯಲ್ಲಿ ಸುತ್ತಿ ಒಯ್ಯುತ್ತಿದ್ದ ಎಂದು ಅದರಿಂದ ತಿಳಿಯಿತು. ಜೊತೆಗೆ ಕಲ್ಲಿನ ಅಲಗಿನ ಚೂರಿ, ತಾಮ್ರದ ಕೊಡಲಿ.

"ಅವನು ಕೊಡಲಿ ತಂದಿದ್ದನಲ್ಲ!" ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಒಲೆಯ ಜಾಗಕ್ಕೆ ಬಂದೆವು. ಪೈನ್ ಮರಗಳ ನಡುವೆ ಸಣ್ಣ ಸಮತಟ್ಟು, ಕಲ್ಲಿನ ವೃತ್ತ, ಅದರೊಳಗೆ ಅರ್ಧ ಕರಗಿದ ಹಿಮ ಮತ್ತು ಬೂದಿಯ ಕೆಸರು. ಮೊದಲು ತಲೆಯೆತ್ತಿ ನೋಡಿದೆವು. ಚಳಿಗಾಲದ ಹಿಮದ ಭಾರಕ್ಕೆ ಮುರಿದು ಮೇಲೆಯೇ ಸಿಕ್ಕಿಕೊಂಡಿರುವ ಕೊಂಬೆಗಳು ಈ ಕಾಲದಲ್ಲಿ ಗಾಳಿಗೆ ಉದುರುತ್ತವೆ. ಅಂಥದ್ದರ ಕೆಳಗೆ ಕೂರಬಾರದು. ನಡೆಯುವಾಗ ಬೆವರಿದ ಒಳ ಅಂಗಿಯನ್ನು ಬದಲಾಯಿಸಿಕೊಂಡು, ಗಾಳಿ ಬರುವ ಕಡೆಗೆ ಟಾರ್ಪಾಲಿನ್ನನ್ನು ಓರೆಯಾಗಿ ಕಟ್ಟಿದೆವು. ಟಾರ್ಪಾಲಿನ್ ನೈಲಾನಿನದ್ದು. ನೈಲಾನ್ ಸುಮಾರು 220ರಿಂದ 265 ಡಿಗ್ರಿಯೊಳಗೆ ಕರಗುತ್ತದೆ, ಹಾರಿ ಬಂದ ಒಂದು ಕಿಡಿ ಸಾಕು ತೂತು ಬೀಳುವುದಕ್ಕೆ. ಬೆಂಕಿಯಿಂದ ದೂರಕ್ಕೇ ಕಟ್ಟಬೇಕು, ಮೂರು ಕಡೆ ತೆರೆದಿರಬೇಕು. ಉಣ್ಣೆಗೆ ಈ ಗೋಳಿಲ್ಲ, ಅದು ಕರಗುವುದಿಲ್ಲ, ಸುಟ್ಟ ವಾಸನೆ ಬಂದು ಅಲ್ಲಿಗೇ ನಿಲ್ಲುತ್ತದೆ. ಬೆಂಕಿಯ ಹತ್ತಿರ ಕೂರುವಾಗ ದುಬಾರಿ ಜಾಕೆಟ್ಟುಗಳನ್ನು ಚೀಲಕ್ಕೆ ಹಾಕಿ ಹಳೆಯ ಉಣ್ಣೆಯ ಅಂಗಿ ತೊಡುವುದು ಇದಕ್ಕೇ.

ಈಗ ಸೌದೆ. ಅವಳು ಉತ್ಸಾಹದಿಂದ ನೆಲದ ಮೇಲಿನ ಪುಳ್ಳೆಗಳನ್ನು ಒಂದು ತೋಳು ತುಂಬ ಆರಿಸಿ ತಂದಳು. ಒಂದನ್ನು ಮುರಿಯಲು ಹೇಳಿದೆ. ಬಾಗಿತು, ಮುರಿಯಲಿಲ್ಲ. ಇನ್ನೊಂದನ್ನು ಕೆನ್ನೆಗೆ ತಾಗಿಸಿಕೊಳ್ಳಲು ಹೇಳಿದೆ. ತಣ್ಣಗಿದೆ ಎಂದಳು. ತಣ್ಣಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ. ಬೆರಳಿಗೆ ತಿಳಿಯದ ತೇವ ಕೆನ್ನೆಗೂ ತುಟಿಗೂ ತಿಳಿಯುತ್ತದೆ. ಹಿಮ ಕರಗುವ ಕಾಲದಲ್ಲಿ ನೆಲಕ್ಕೆ ತಾಗಿದ ಕಟ್ಟಿಗೆಯೆಲ್ಲ ನೀರು ಕುಡಿದಿರುತ್ತದೆ. ಬದುಕಿರುವ ಮರವಂತೂ ಈ ತಿಂಗಳಲ್ಲಿ ರಸವನ್ನು ಮೇಲಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಅದನ್ನು ಕಡಿಯುವುದು ತಪ್ಪು ಮಾತ್ರವಲ್ಲ, ವ್ಯರ್ಥವೂ ಹೌದು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಚೆನ್ನಾಗಿ ಒಣಗಿದ ಸೌದೆಯಲ್ಲಿ ಅದು ಶೇ. 20ಕ್ಕಿಂತ ಕಡಿಮೆ. ಒಂದು ಕಿಲೋ ನೀರನ್ನು ಆವಿ ಮಾಡುವುದಕ್ಕೇ ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ಕೊಡಬೇಕಾದದ್ದು ಇನ್ನೂ ಹುಟ್ಟದ ಬೆಂಕಿ.

ನಮಗೆ ಬೇಕಿದ್ದದ್ದು ನಿಂತೇ ಸತ್ತ ಸಣ್ಣ ಮರ. ನಿಂತಿರುವುದರಿಂದ ಮಳೆ, ಹಿಮ ಎರಡೂ ಜಾರಿ ಹೋಗಿ ಗಾಳಿಗೆ ಒಣಗಿರುತ್ತದೆ. ಹುಡುಕಿದಾಗ ತೊಗಟೆ ಉದುರಿ ಬೂದುಬಣ್ಣಕ್ಕೆ ತಿರುಗಿದ, ಮಣಿಕಟ್ಟಿನ ದಪ್ಪದ ಸ್ಪ್ರೂಸ್ ಒಂದು ಸಿಕ್ಕಿತು. ಹಕ್ಕಿಗೂಡಿನ ತೂತು, ಹುಳುಗಳ ಸುರಂಗ ಇವೆಯೇ ಎಂದು ನೋಡಿದ ಮೇಲೆ ಗರಗಸ ಹಾಕಿದೆವು. ದಪ್ಪನೆಯ ಸತ್ತ ಮರಗಳನ್ನು ಮುಟ್ಟಬಾರದು, ಅವು ಮರಕುಟುಕಗಳ ಮನೆ. ಗರಗಸದಿಂದ ಬೀಳುತ್ತಿದ್ದ ಪುಡಿ ಹಗುರವಾಗಿ ಗಾಳಿಗೆ ಹಾರಿತು. ಪುಡಿ ಮುದ್ದೆಯಾಗಿ ಹಲ್ಲಿಗೆ ಅಂಟಿಕೊಂಡರೆ ಆ ಮರವನ್ನು ಬಿಟ್ಟು ಮುಂದಕ್ಕೆ ಹೋಗಬೇಕು.

ಮೊಳದುದ್ದದ ತುಂಡುಗಳಾಗಿ ಕೊಯ್ದು ತಂದ ಮೇಲೆ ಚೂರಿಯ ಸರದಿ. ಒಣಗಿದ ಮರದಲ್ಲೂ ಹೊರಮೈ ಬೆಳಗಿನ ಇಬ್ಬನಿಗೆ ತೇವವಾಗಿರುತ್ತದೆ, ಒಳಗಿನ ತಿರುಳು ಮಾತ್ರ ನಿಜವಾಗಿ ಒಣಗಿದ್ದು. ತುಂಡನ್ನು ನೆಟ್ಟಗೆ ನಿಲ್ಲಿಸಿ, ತಲೆಯ ಮೇಲೆ ಚೂರಿಯ ಅಲಗನ್ನಿಟ್ಟು, ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಬಡಿದರೆ ಅದು ಎರಡಾಗಿ ಸೀಳುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಕೊನೆಗೆ ಹೆಬ್ಬೆರಳಿನ ದಪ್ಪದ ಸೀಳುಗಳು. ಒಳಗಿನ ಮರ ಕೆನೆಬಣ್ಣದ್ದು, ರಾಳದ ಘಮ. ಕೆನ್ನೆಗೆ ಹಿಡಿದು ನೋಡಿ, "ಇದು ಬೆಚ್ಚಗಿದೆ ಚಿಕ್ಕಪ್ಪ" ಎಂದು ತಾನೇ ಹೇಳಿದಳು.

ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಒಂದು ಸೀಳನ್ನು ದಿಮ್ಮಿಯ ಮೇಲೆ ಊರಿ, ಅದರ ಅಂಚಿನ ಮೇಲೆ ಚೂರಿಯನ್ನು ಬಹುತೇಕ ಮಲಗಿಸಿ, ಮೇಲಿನಿಂದ ಕೆಳಕ್ಕೆ ಜಾರಿಸುವುದು. ಬಡಗಿಯ ಹತ್ತರಿಯಿಂದ ಏಳುವಂಥ ತೆಳ್ಳನೆಯ ಸುರುಳಿ ಏಳುತ್ತದೆ, ಆದರೆ ಅದನ್ನು ಬೀಳಲು ಬಿಡದೆ ತುದಿಯ ಹತ್ತಿರ ನಿಲ್ಲಿಸಬೇಕು. ನಂತರ ಸೀಳನ್ನು ಕೂದಲೆಳೆಯಷ್ಟು ತಿರುಗಿಸಿ, ಮೊದಲ ಸುರುಳಿ ಬಿಟ್ಟುಹೋದ ಹೊಸ ಅಂಚಿನ ಮೇಲೆ ಇನ್ನೊಂದು. ಬಲವೆಲ್ಲ ತೋಳಿನದಲ್ಲ, ಮೊಣಕೈಯನ್ನು ನೇರವಾಗಿಟ್ಟು ಹೆಗಲನ್ನು ಬಾಗಿಸಿದರೆ ಮೈಯ ಭಾರವೇ ಚೂರಿಯನ್ನು ಇಳಿಸುತ್ತದೆ. ಹೀಗೆ ಮೂವತ್ತು ನಲವತ್ತು ಸುರುಳಿ ಒಂದೇ ಕಡ್ಡಿಯ ತುದಿಯಲ್ಲಿ ಗುಂಪಾಗಿ ನಿಂತರೆ ಅದೇ ಗರಿಕಡ್ಡಿ. ಎಷ್ಟು ಸುರಿಯುವ ಮಳೆಯಲ್ಲೂ ಒಣ ತಿರುಳು ಸಿಕ್ಕರೆ ಗರಿಕಡ್ಡಿ ಸಿಕ್ಕಿದಂತೆ.

ಅವಳ ಮೊದಲ ಕಡ್ಡಿಯಲ್ಲಿ ಸುರುಳಿಗಳೆಲ್ಲ ಕಿತ್ತು ನೆಲಕ್ಕೆ ಬಿದ್ದವು. ಬಿದ್ದರೂ ನಷ್ಟವಿಲ್ಲ, ಆರಿಸಿ ಇಟ್ಟುಕೊಂಡರೆ ಅದೂ ಹೊತ್ತಿಸಲು ಬರುತ್ತದೆ. ಅವಳು ಕಡ್ಡಿಯನ್ನು ತೊಡೆಗಳ ನಡುವೆ ಹಿಡಿದುಕೊಂಡದ್ದನ್ನು ಕಂಡು ಮಾತ್ರ ದನಿ ಏರಿಸಿದೆ. ತೊಡೆಯ ಒಳಮೈಯಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ, ಅಲ್ಲಿ ಚೂರಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು. ಕೆಲಸ ಯಾವಾಗಲೂ ಮೊಣಕಾಲಿನಾಚೆ ಅಥವಾ ಮೈಯ ಪಕ್ಕಕ್ಕೆ. ಕೈಚಾಚಿದಷ್ಟು ದೂರದಲ್ಲಿ ಇನ್ನೊಬ್ಬರು ಇರಕೂಡದು. ಕೆಲಸ ನಿಂತರೆ ಚೂರಿ ಒರೆಗೆ ಹೋಗಬೇಕು, ನೆಲದ ಮೇಲಲ್ಲ. ಬುಷ್‌ಕ್ರಾಫ್ಟ್ ಕಲಿಸುವವರು ಇದನ್ನು ಮೊದಲ ಪಾಠವಾಗಿ ಇಟ್ಟುಕೊಳ್ಳದಿದ್ದರೆ ಅವರಿಂದ ಉಳಿದದ್ದನ್ನೂ ಕಲಿಯಬೇಡಿ.

ಸೌದೆ ಸಿದ್ಧವಾಗಲು ಒಂದು ಗಂಟೆ ಹಿಡಿಯಿತು. ಕಡ್ಡಿಯ ದಪ್ಪದ್ದು, ಬೆರಳಿನ ದಪ್ಪದ್ದು, ಮಣಿಕಟ್ಟಿನ ದಪ್ಪದ್ದು ಎಂದು ಮೂರು ಗುಂಪು. ಮೂರೂ ಕೈಗೆ ಸಿಗುವಂತಿರಬೇಕು, ಹತ್ತಿಸಿದ ಮೇಲೆ ಎದ್ದು ಹುಡುಕಲು ಹೋದರೆ ಬೆಂಕಿ ಕಾಯುವುದಿಲ್ಲ. ವೃತ್ತದೊಳಗಿನ ಹಿಮವನ್ನು ತೆಗೆದು, ಕೆಸರಿನ ಮೇಲೆ ದಪ್ಪ ತುಂಡುಗಳನ್ನು ಒತ್ತೊತ್ತಾಗಿ ಮಲಗಿಸಿ ತೆಪ್ಪ ಮಾಡಿದೆವು. ಒದ್ದೆ ನೆಲದ ಮೇಲೆ ನೇರವಾಗಿ ಹಾಕಿದ ಬೆಂಕಿ ತನ್ನ ಶಾಖದಿಂದಲೇ ನೀರನ್ನು ಎಬ್ಬಿಸಿಕೊಂಡು ಆರುತ್ತದೆ. ತೊರೆಯಿಂದ ಚೆಂದದ ಉರುಟುಕಲ್ಲು ತಂದು ಒಲೆಗೆ ಸೇರಿಸಲೇ ಎಂದು ಕೇಳಿದಳು, ಬೇಡ ಎಂದೆ. ನೀರಿನಲ್ಲಿದ್ದ ಕಲ್ಲಿನ ಬಿರುಕುಗಳೊಳಗೆ ನೀರು ಕೂತಿರುತ್ತದೆ, ಕಾದು ಆವಿಯಾದಾಗ ಕಲ್ಲು ಸಿಡಿಯಬಹುದು.

ಇನ್ನು ಕಿಡಿ. ಜೇಬಿನಲ್ಲಿ ಲೈಟರ್ ಇತ್ತು, ಅದರಿಂದ ಹಚ್ಚಿದರೆ ಯಾರೂ ಅಂಕ ಕಡಿಮೆ ಕೊಡುವುದಿಲ್ಲ. ಆದರೂ ಫೆರೋಸೀರಿಯಂ ಕಡ್ಡಿಯನ್ನು ತೆಗೆದೆ. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಔವರ್ ಫೋನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಪಡೆದ ಮಿಶ್ರಲೋಹ ಇದು. ಗ್ಯಾಸ್‌ಲೈಟಿನ ಮ್ಯಾಂಟಲ್ ಕಂಡುಹಿಡಿದವನೂ ಅವನೇ. ಲೈಟರಿನೊಳಗಿನ ಪುಟ್ಟ 'ಕಲ್ಲು' ಕೂಡ ಕಲ್ಲಲ್ಲ, ಇದೇ ಲೋಹ. ಹಳೆಯ ಚಕಮಕಿಯಲ್ಲಿ ಕಲ್ಲಿಗೆ ತಾಗಿ ಉರಿಯುವುದು ಉಕ್ಕಿನ ಚೂರು, ಇಲ್ಲಿ ಉರಿಯುವುದು ಕಡ್ಡಿಯೇ. ಕೆರೆದಾಗ ಕಿತ್ತ ಲೋಹದ ಕಣ ಗಾಳಿ ತಾಗಿದ ಕೂಡಲೇ ಹೊತ್ತಿಕೊಂಡು ಸುಮಾರು 3,000 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ನೀರಿನಲ್ಲಿ ಮುಳುಗಿಸಿ ತೆಗೆದು ಒರೆಸಿದರೂ ಕೆಲಸ ಮಾಡುತ್ತದೆ. ಕೆರೆಯುವುದು ಚೂರಿಯ ಬೆನ್ನಿನಿಂದ. ಅದರ ಮೂಲೆ ಚೂಪಾಗಿರಬೇಕು ಎಂದು ನಿನ್ನೆ ಬರೆದದ್ದು ಇದಕ್ಕೆ.

ಬರ್ಚ್ ತೊಗಟೆಯ ಒಳಮೈಯನ್ನು ಚೂರಿಯ ಬೆನ್ನಿನಿಂದ ಕೆರೆದು, ನಶ್ಯದಷ್ಟು ನಯವಾದ ಪುಡಿಯನ್ನು ಒಂದು ಚಿಟಿಕೆ ಗುಡ್ಡೆ ಮಾಡಿ, ಕಡ್ಡಿಯನ್ನು ಅದರ ಪಕ್ಕಕ್ಕೆ ಊರಿ ಅವಳ ಕೈಗೆ ಕೊಟ್ಟೆ. ಚೂರಿಯನ್ನು ಮುಂದಕ್ಕೆ ತಳ್ಳಿದರೆ ಗುಡ್ಡೆಯೇ ಚೆಲ್ಲಾಪಿಲ್ಲಿ. ಚೂರಿಯನ್ನು ನಿಲ್ಲಿಸಿಟ್ಟು ಕಡ್ಡಿಯನ್ನು ಹಿಂದಕ್ಕೆ ಎಳೆಯಬೇಕು. ನಾಲ್ಕಾರು ಸಲ ಕಿಡಿಗಳ ಮಳೆ ಸುರಿದು ಆರಿತು. ಆಮೇಲೆ ಪುಡಿಯ ಅಂಚಿನಲ್ಲಿ ಒಂದು ಹಳದಿ ಚುಕ್ಕೆ ಕೂತಿತು, ಬೆಳೆಯಿತು, ತೊಗಟೆ ಸುರುಳಿಕೊಳ್ಳುತ್ತ ಚಿಟಿಚಿಟಿ ಎಂದಿತು. ಗರಿಕಡ್ಡಿಯ ಸುರುಳಿಗಳನ್ನು ಅದರ ಮೇಲೆ ಹಿಡಿದಳು. ಜ್ವಾಲೆ ಕೆಳಗಿನ ಸುರುಳಿಯಿಂದ ಮೇಲಿನದಕ್ಕೆ ಹತ್ತಿ ಹೋಯಿತು. "ಹೊತ್ತಿತು, ಹೊತ್ತಿತು!" ಎಂದು ಕೂಗುವ ಸಂಭ್ರಮದಲ್ಲಿ ಮುಂದಿನ ಕಡ್ಡಿ ಇಡುವುದನ್ನೇ ಮರೆಯುವುದರಲ್ಲಿದ್ದಳು.

ಮರ ಉರಿಯುವುದಿಲ್ಲ, ಮರದಿಂದ ಹೊರಡುವ ಅನಿಲ ಉರಿಯುತ್ತದೆ. ಸುಮಾರು 250–300 ಡಿಗ್ರಿಗೆ ಕಾದ ಮರ ಒಡೆದು ಅನಿಲ ಬಿಡುತ್ತದೆ. ಅದು ಹೊತ್ತಿಕೊಂಡರೆ ಜ್ವಾಲೆ, ಹೊತ್ತಿಕೊಳ್ಳದೆ ತಪ್ಪಿಸಿಕೊಂಡರೆ ಹೊಗೆ. ಹೊಗೆ ಹೆಚ್ಚಾದಾಗ ಜನ ಬಗ್ಗಿ ಊದುತ್ತಾರೆ, ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಾರೆ. ಬಹಳ ಸಲ ಬೇಕಿರುವುದು ಊದುವುದಲ್ಲ, ಸಣ್ಣ ಒಣ ಕಡ್ಡಿಗಳನ್ನು ಇನ್ನೊಂದು ಹಿಡಿ ಹಾಕಿ ಬಿಸಿ ಏರಿಸುವುದು.

ಪಾತ್ರೆಯಲ್ಲಿ ತೊರೆಯ ನೀರು ಕುದಿಯಿತು. ಎಷ್ಟೇ ತಿಳಿಯಾಗಿದ್ದರೂ ಹರಿಯುವ ನೀರನ್ನು ಒಂದು ನಿಮಿಷ ಚೆನ್ನಾಗಿ ಮರಳಿಸಬೇಕು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ. ಚಹಾ ಆಯಿತು, ಬುತ್ತಿ ಬಿಸಿಯಾಯಿತು, ಕಾಲುಚೀಲಗಳು ಒಣಗಿದವು. ನಡುವೆ ಹತ್ತು ನಿಮಿಷ ಮಂಜು ಬೆರೆತ ಮಳೆ ಹನಿಸಿ ಹೋಯಿತು. ನಾವು ಟಾರ್ಪಾಲಿನ್ ಕೆಳಗೆ ಕಾಲು ಮಡಚಿ ಕೂತು ಏನೇನೋ ಮಾತಾಡಿದೆವು, ಅದು ಇಲ್ಲಿಗೆ ಬೇಡ.

ಎರಡೂವರೆಗೆ ಹೊಸ ಸೌದೆ ಹಾಕುವುದನ್ನು ನಿಲ್ಲಿಸಿದೆವು. ಅರ್ಧ ಸುಟ್ಟ ಕೊಳ್ಳಿಗಳನ್ನು ಬಿಟ್ಟು ಹೋಗುವುದಕ್ಕಿಂತ ಎಲ್ಲವನ್ನೂ ಬಿಳಿ ಬೂದಿಯಾಗಲು ಬಿಡುವುದು ಲೇಸು. ಆಮೇಲೆ ನೀರು, ಕಟ್ಟಿಗೆಯಿಂದ ಕಲಕುವುದು, ಮತ್ತೆ ನೀರು, ಮತ್ತೆ ಕಲಕುವುದು. ಮಣ್ಣು ಮುಚ್ಚಿ ಹೊರಟುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಣ್ಣಿನಡಿ ಕೆಂಡ ಬೆಚ್ಚಗೆ ಉಳಿಯುತ್ತದೆ, ಒಣ ಬೇರು ಸಿಕ್ಕರೆ ಹೊಗೆಯೂ ಕಾಣದಂತೆ ದಿನಗಟ್ಟಲೆ ನಡೆದು ಬೇರೆಲ್ಲೋ ಎದ್ದೀತು. ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು, ಬಿಸಿ ಇಲ್ಲವೆಂದು ಖಚಿತವಾದ ಮೇಲೆ ಬೆರಳಿನಿಂದ ಮುಟ್ಟಿ ನೋಡುವುದು. ಒಂದು ಮೂಲೆ ಇನ್ನೂ ಬೆಚ್ಚಗಿತ್ತು. ಅವಳು ಮಾತಾಡದೆ ನೀರಿನ ಚೀಲ ಹಿಡಿದು ತೊರೆಯ ಕವಲಿನ ಕಡೆಗೆ ಇನ್ನೊಮ್ಮೆ ಇಳಿದಳು.

ಇಳಿಯುವ ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ತೊರೆಯೊಂದನ್ನು ಬಿಟ್ಟರೆ. ಬೆಳಿಗ್ಗೆ ಕಾಲಿಟ್ಟ ಕಲ್ಲುಗಳೆಲ್ಲ ಮುಳುಗಿ, ಕಂದು ನೀರು ಭೋರ್ಗರೆಯುತ್ತಿತ್ತು. ದಾಟುವ ಯೋಚನೆಯನ್ನೇ ಮಾಡದೆ ದಂಡೆಗುಂಟ ಕೆಳಗಿನ ಸೇತುವೆಗೆ ನಡೆದೆವು. ಎರಡು ಕಿಲೋಮೀಟರ್ ಹೆಚ್ಚಿನ ದಾರಿ, ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಟ್ಟದ್ದು. ಮನೆಗೆ ಬಂದವರು ಮೊದಲು ಮಾಡಿದ್ದು ಉಣುಗುಗಳಿಗಾಗಿ ಮೈ ತಡಕಿಕೊಳ್ಳುವುದು. ಮೊಣಕಾಲ ಹಿಂದೆ, ಸೊಂಟದ ಸುತ್ತ, ಕಿವಿಯ ಹಿಂದೆ. ಹಿಮ ಇರುವಾಗ ಉಣುಗು ಇರುವುದಿಲ್ಲ ಎಂದು ನಂಬಬೇಡಿ, ಚಳಿ ಸ್ವಲ್ಪ ಮುರಿದರೂ ಅವು ಹುಲ್ಲಿನ ತುದಿಗೆ ಬಂದು ಕಾಯುತ್ತವೆ.

ಭಾನುವಾರ

ಬೆಳಿಗ್ಗೆ ಟಾರ್ಪಾಲಿನ್ನನ್ನೂ ಹಗ್ಗವನ್ನೂ ಬಿಚ್ಚಿ ಒಣಗಲು ಹಾಕಿದೆ. ಒದ್ದೆಯಿರುವಾಗಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಚೂರಿಯ ಅಲಗಿನ ಮೇಲೆ ರಾಳ ಅಂಟಿತ್ತು, ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಸಾಣೆಕಲ್ಲಿನ ಮೇಲೆ ಅಲಗಿನ ಓರೆಯಾದ ಅಂಚಿನ ಇಡೀ ಮೈ ಕೂರುವಂತೆ ಮಲಗಿಸಿ, ಎರಡು ಕಡೆಯೂ ಸಮಸಮವಾಗಿ ತಿಕ್ಕಿ, ಹಳೆಯ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದೆ. ಕಾಗದವನ್ನು ಸದ್ದಿಲ್ಲದೆ ಸೀಳಿದರೆ ಸಾಕು, ಅದಕ್ಕಿಂತ ಹರಿತ ಮಾಡಿ ತೋರಿಸುವುದೆಲ್ಲ ಚಪಲ. ತೆಳ್ಳಗೆ ಎಣ್ಣೆ ಸವರಿ, ಚೂರಿಯನ್ನು ಒರೆಯ ಹೊರಗೇ ಇಟ್ಟೆ. ಚರ್ಮದ ಒರೆ ಒಳಗೆ ತೇವ ಹಿಡಿದುಕೊಂಡಿರುತ್ತದೆ, ಇಂಗಾಲದ ಉಕ್ಕಿಗೆ ತುಕ್ಕು ಹಿಡಿಸಲು ಅಷ್ಟು ಸಾಕು. ಗರಗಸದ ಹಲ್ಲುಗಳ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿದೆ. ಪಾತ್ರೆಯ ಹೊರಗಿನ ಮಸಿಯನ್ನು ಮುಟ್ಟಲಿಲ್ಲ. ಕಪ್ಪು ಪಾತ್ರೆ ಶಾಖವನ್ನು ಚೆನ್ನಾಗಿ ಹೀರುತ್ತದೆ ಎನ್ನುವುದು ಒಂದು ನೆಪ, ತಿಕ್ಕಲು ಸೋಮಾರಿತನ ಎನ್ನುವುದು ಇನ್ನೊಂದು.

ಸಂಜೆ ಅಣ್ಣನ ಮಗಳು ಫೋನ್ ಮಾಡಿದಳು. ಗರಗಸ ಕೊಳ್ಳುವುದಾದರೆ ಎಂಥದ್ದು ಎಂದು ಕೇಳಿದಳು. ಎಳೆದಾಗ ಕೊಯ್ಯುವಂಥದ್ದು, ಮಡಚಿದರೆ ಗಟ್ಟಿಯಾಗಿ ಬೀಗ ಬೀಳುವಂಥದ್ದು, ಅಲಗು ಹದಿನೆಂಟರಿಂದ ಇಪ್ಪತ್ತೊಂದು ಸೆಂಟಿಮೀಟರ್ ಇದ್ದರೆ ಸಾಕು ಎಂದೆ. ಹಸಿ ಮರಕ್ಕೆ ದೊಡ್ಡ ಹಲ್ಲು, ಒಣಗಿದ ಗಟ್ಟಿ ಮರಕ್ಕೆ ಸಣ್ಣ ಹಲ್ಲು. ನಮಗೆ ಬೇಕಾದದ್ದು ಒಣಗಿದ್ದರೂ ಅಷ್ಟು ಗಟ್ಟಿಯಲ್ಲದ ಸ್ಪ್ರೂಸಿನಂಥ ಮರವಾದ್ದರಿಂದ ಮಧ್ಯಮ ಗಾತ್ರದ್ದು.

ಅಷ್ಟರಲ್ಲಿ ಅತ್ತಿಗೆ ಫೋನನ್ನು ಕೈಗೆ ತೆಗೆದುಕೊಂಡರು. ಬೆಳಿಗ್ಗೆಯಿಂದ ಇವಳು ಮುರಿದ ಕುರ್ಚಿಯ ಕಾಲನ್ನು ಸೀಳಿ ಸೀಳಿ ಬಾಲ್ಕನಿಯ ತುಂಬ ಮರದ ಸುರುಳಿ ಮಾಡಿದ್ದಾಳೆ, ಗುಡಿಸುವವರು ಯಾರು ಎಂದು ಕೇಳಿದರು. ಬಣ್ಣ ಬಳಿದ ಮರವಾದರೆ ಸುಡಬೇಡಿ, ಹೊಗೆ ಒಳ್ಳೆಯದಲ್ಲ, ಹಾಗೆಯೇ ಗುಡಿಸಿ ಎಸೆಯಿರಿ ಎಂದೆ. ಅವರು ಕೇಳಿದ್ದು ಅದಲ್ಲವಂತೆ.